ಕಣಿವೆಯ ಮೂರು ಸುಂಕ

ಬಹಳ ಬಹಳ ಹಿಂದೆ, ಕಡಲಂಚಿನಲ್ಲಿ ಉಪ್ಪಳನಾಡು ಎಂಬ ರಾಜ್ಯವಿತ್ತು. ಅಲ್ಲಿ ಉಪ್ಪಿತ್ತು, ಕಾಳಿರಲಿಲ್ಲ. ಘಟ್ಟದ ಮೇಲಿನ ನವಣೆನಾಡಿನಲ್ಲಿ ಕಾಳಿತ್ತು, ಉಪ್ಪಿರಲಿಲ್ಲ. ಎತ್ತುಗಳ ಬೆನ್ನ ಮೇಲೆ ಉಪ್ಪು ಹತ್ತುತ್ತಿತ್ತು, ನವಣೆ ಇಳಿಯುತ್ತಿತ್ತು. ಎರಡೂ ನಾಡು ಉಂಡು ಸುಖವಾಗಿದ್ದವು.

ಒಂದು ದಿನ ಘೋರಮುಖನೆಂಬ ಮಾಂತ್ರಿಕ ಬಂದು ನಡುವಿನ ಕಣಿವೆಯಲ್ಲಿ ಕೂತ. ಎರಡೂ ಸರಕನ್ನು ತಾನೇ ಕೂಡಿಟ್ಟರೆ ಎರಡೂ ನಾಡು ತನ್ನ ಕಾಲಿಗೆ ಬೀಳುತ್ತವೆಂದು ಅವನ ಆಸೆ. ದಾರಿಗೆ ಮೂರು ಸುಂಕ ಹಾಕಿದ. ಕೊಡದವರು ಕಲ್ಲಾದರು, ಅವರ ಮೂಟೆ ಅವನ ಗುಹೆ ಸೇರಿತು.

ಹಾಗೆ ಹೋಗಿ ಬಾರದವರಲ್ಲಿ ದ್ಯಾವಕ್ಕನ ಗಂಡ ಸಣ್ಣಯ್ಯನೂ ಒಬ್ಬ. ಐದು ವರ್ಷ ದ್ಯಾವಕ್ಕ ಒಬ್ಬಳೇ ಉಪ್ಪು ಬಾಚಿದಳು. ಕೊಳ್ಳುವವರಿಲ್ಲದ ಉಪ್ಪು ಗುಡ್ಡವಾಯಿತು. ಹಸಿವು ತಾಳದೆ ಊರವರು ಒಬ್ಬೊಬ್ಬರಾಗಿ ದೋಣಿ ಹತ್ತಿ ಹೋದರು. ಕೊನೆಗೆ ಉಳಿದದ್ದು ಅವಳು ಮತ್ತು ಮುದಿ ಎತ್ತು ಕೆಂದ.

"ಕೆಂದಾ, ಇಲ್ಲಿ ನನ್ನ ಮಾತಿಗೆ ಓಗೊಡೋರೇ ಇಲ್ಲ. ನಡಿ, ನನ್ನ ಗಂಡನ್ನ ಹುಡುಕಿಕೊಂಡು ಕಣಿವೆಗೆ ಹೋಗೋಣ," ಎಂದು ಒಂದು ಮೂಟೆ ಉಪ್ಪು ಹೇರಿ ಹೊರಟಳು.

ಮೊದಲ ತಿರುವಿನಲ್ಲಿ ಮೂರು ಕೊಂಬಿನ ಕೋಣ ಅಡ್ಡ ನಿಂತಿತು. "ಸುಂಕ ಕೊಡು. ನಿನ್ನ ಜೊತೆಗಾರನನ್ನು ಕೊಡು."

ದ್ಯಾವಕ್ಕ ಕೆಂದನ ಹಣೆ ಸವರಿದಳು. ಮೂಟೆಯನ್ನು ತನ್ನ ತಲೆಗೇರಿಸಿಕೊಂಡು, ತಿರುಗಿ ನೋಡದೆ ನಡೆದಳು.

ಎರಡನೆಯ ತಿರುವಿನಲ್ಲಿ ಬೆಳ್ಳಿ ಹೆಡೆಯ ಹಾವು. "ಸುಂಕ ಕೊಡು. ನಿನ್ನ ಹೆಸರು ಕೊಡು."

ಕೊಟ್ಟಳು. ಅಲ್ಲಿಂದ ಮುಂದೆ ತನಗೆ ತಾನೇ ಧೈರ್ಯ ಹೇಳಿಕೊಳ್ಳಲು ಹೋದರೆ, ಕರೆದುಕೊಳ್ಳಲು ಹೆಸರೇ ಇರಲಿಲ್ಲ.

ಮೂರನೆಯ ತಿರುವಿನಲ್ಲಿ ಬೆಂಕಿಗಣ್ಣಿನ ಹದ್ದು. ಸುತ್ತಲೂ ಆಳೆತ್ತರದ ನೂರಾರು ಕಲ್ಲುಗಳು. "ಸುಂಕ ಕೊಡು. ನಿನಗೆ ಎಲ್ಲರಿಗಿಂತ ಬೇಕಾದವರ ಮುಖದ ನೆನಪು ಕೊಡು. ಇವರಾರೂ ಅದನ್ನು ಕೊಡಲಿಲ್ಲ."

ಅವಳು ಬಹಳ ಹೊತ್ತು ಅತ್ತಳು. "ಅವನು ಬದುಕಿ ಬಂದರೆ ಸಾಕು, ನನಗೆ ಗುರುತು ಸಿಗದಿದ್ದರೂ ಸರಿ," ಎಂದು ಸಣ್ಣಯ್ಯನ ಮುಖವನ್ನೂ ಕೊಟ್ಟುಬಿಟ್ಟಳು.

ಗುಹೆಯಲ್ಲಿ ಘೋರಮುಖ ಉಪ್ಪು, ನವಣೆಗಳ ರಾಶಿಯ ನಡುವೆ ಒಬ್ಬನೇ ಕೂತಿದ್ದ. ಮೂರೂ ಸುಂಕ ಕೊಟ್ಟವರ ಮೂಟೆ ಕಸಿಯಬಾರದೆಂಬುದು ಅವನೇ ಮಾಡಿದ ಕಟ್ಟಳೆ.

"ಹೆಣ್ಣೇ, ಆ ಮೂಟೆ ಇಳಿಸು. ಅದರ ತೂಕದ ಚಿನ್ನ ಕೊಡುತ್ತೇನೆ."

"ಚಿನ್ನ ಬೇಯಿಸಿ ಉಣ್ಣೋಕಾಗ್ತದಾ? ಸೇರು ಉಪ್ಪಿಗೆ ಸೇರು ನವಣೆ ಅಳೆದು ಕೊಡು. ಈ ದಾರಿಯ ವ್ಯಾಪಾರ ಅದೇ."

"ಇಷ್ಟೇನಾ!" ಎಂದು ನಕ್ಕು ಮಾಂತ್ರಿಕ ಒಂದು ಸೇರು ನವಣೆ ಅಳೆದು ಅವಳ ಸೆರಗಿಗೆ ಸುರಿದ. ಅವಳು ಒಂದು ಸೇರು ಉಪ್ಪನ್ನು ಅವನ ಬೊಗಸೆಗೆ ಸುರಿದಳು.

ಸರಕು ಕದಲದಿದ್ದರಷ್ಟೇ ನಿಲ್ಲುವ ಮಾಯೆ ಅದು; ದುರಾಸೆಯಲ್ಲಿ ಅವನು ಅದನ್ನು ಮರೆತಿದ್ದ. ಒಂದು ಸೇರು ಕೈ ಬದಲಾದದ್ದೇ ತಡ, ಗುಹೆ ಗಡಗಡ ನಡುಗಿತು. ಘೋರಮುಖ ನೀರಿಗೆ ಬಿದ್ದ ಉಪ್ಪಿನಂತೆ ಕರಗಿ ನೆಲಕ್ಕಿಳಿದುಹೋದ. ಕೋಣ, ಹಾವು, ಹದ್ದು ಹೊಗೆಯಾಗಿ ಹಾರಿದವು.

ಕಲ್ಲುಗಳು ಮೈಮುರಿದು ಮನುಷ್ಯರಾದವು. ಆದರೆ ಕೊಟ್ಟ ನೆನಪು ತಾನಾಗಿ ಮರಳಲಿಲ್ಲ. ನೂರಾರು ಗಂಡಸರು, ಅವರಲ್ಲಿ ತನ್ನವನು ಯಾರೆಂದು ತಿಳಿಯಲಿಲ್ಲ. ಅವಳು ಗುಹೆಯಿಂದ ಹೊರಬಂದು ದಾರಿಬದಿಯಲ್ಲಿ ನಿಂತಳು.

ಒಬ್ಬ ಓಡಿ ಬಂದ. "ದ್ಯಾವಿ! ಒಬ್ಬಳೇ ಬಂದೆಯಾ?"

ಹೆಸರು ಅವಳಿಗೆ ಮರಳಿ ಸಿಕ್ಕಿತು, ಮುಖದ ಗುರುತು ಸಿಗಲಿಲ್ಲ. "ನೀವ್ಯಾರಣ್ಣ?"

ಅವನ ಕಣ್ಣು ತುಂಬಿ ಬಂತು. "ಅಣ್ಣ ಅನ್ನಬೇಡ ಕಣೇ. ನಾನು ನಿನ್ನ ಗಂಡ."

ಅವಳು ಆ ಮುಖವನ್ನು ಹೊಸದಾಗಿ ನೋಡಿದಳು, ಹಣೆಯಿಂದ ಗಲ್ಲದವರೆಗೆ ನೋಡಿದಳು. ನೋಡುತ್ತ ನೋಡುತ್ತ ಅವಳಿಗೆ ಇಷ್ಟವಾಯಿತು. ಕೈ ಹಿಡಿದಳು.

ಕೋಣನಿಂದ ಬಿಡುಗಡೆಯಾಗಿ ಹತ್ತಿ ಬಂದ ಕೆಂದನ ಬೆನ್ನಿಗೆ ಹೇರಿ, ಇಬ್ಬರೂ ಮೊದಲ ಮೂಟೆಯನ್ನು ನವಣೆನಾಡಿಗೆ ಒಯ್ದರು. ಐದು ವರ್ಷ ಸಪ್ಪೆ ಉಂಡ ಜನ ಅಂದು ಉಪ್ಪು ಹಾಕಿ ಗಂಜಿ ಕಾಯಿಸಿ, ಅವರನ್ನು ನಡುವೆ ಕೂರಿಸಿಕೊಂಡು ಉಂಡರು. ಆಮೇಲೆ ದೋಣಿ ಹತ್ತಿ ಹೋದವರೂ ಊರಿಗೆ ಮರಳಿದರು, ಎರಡೂ ನಾಡಿನವರು ನಗುನಗುತ್ತ ನೂರು ಕಾಲ ಬಾಳಿದರು.