ಹಾಲುಪುಡಿಯೂ ಇಲಿಪಾಷಾಣವೂ

ಹಾಲುಪುಡಿ ಪೊಟ್ಟಣದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿದೆ ಎಂಬ ಗಹನವಾದ ವಿಚಾರ ಸೋಮವಾರ ಬೆಳಿಗ್ಗೆ 10:10ಕ್ಕೆ ಠಾಣೆಯ ಮೆಟ್ಟಿಲೇರಿತು. ಪೇಟೆಯ ದೊಡ್ಡ ಅಂಗಡಿಯಲ್ಲಿ ಕೊಂಡ ಪೊಟ್ಟಣ; ತಂದವಳು ಒಬ್ಬ ತಾಯಿ. ವಾಂತಿಯಾಗಿ ಮಗು ಆಸ್ಪತ್ರೆ ಸೇರಿದೆ ಎಂದಾಗ, ಮೀಸೆಯಡಿ ನಗುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ದೂರಿನ ಪುಸ್ತಕ ಎಳೆದುಕೊಂಡ. ಅವನ ಮೊಮ್ಮಗಳು ಕುಡಿಯುತ್ತಿದ್ದುದೂ ಅದೇ ಅಂಗಡಿಯ ಪುಡಿ. ಎಫ್‌ಐಆರ್ ದಾಖಲಾಯಿತು; ಪೊಟ್ಟಣ ಪ್ರಯೋಗಾಲಯಕ್ಕೆ ಹೋಯಿತು.

ಮಧ್ಯಾಹ್ನ ಅಂಗಡಿಯ ಮ್ಯಾನೇಜರ್ ಪಟ್ಟಿ ಹಿಡಿದು ಬಂದ. "ಸಾರ್, ಯಾರು ಏನು ಕೊಂಡ್ರು ಅಂತ ಲೆಕ್ಕ ಇರೋ ಗಿರಾಕಿಗಳ ಕಾರ್ಡೆಲ್ಲ ಜಾಲಾಡಿದೀನಿ. ಹಾಲುಪುಡಿ ಕೊಳ್ಳೋರೇ ಇಲಿಪಾಷಾಣಾನೂ ಕೊಳ್ತಾರೆ. ಮೂವತ್ತೊಂದು ಜನ! ವಿಷ ಬೆರೆಸಿದೋರು ಇವರಲ್ಲೇ ಇದಾರೆ."

ಇನ್‌ಸ್ಪೆಕ್ಟರ್ ಬೆರಳು ಹದಿನಾಲ್ಕನೆಯ ಹೆಸರಿನ ಮೇಲೆ ನಿಂತಿತು; ಕಣ್ಣು ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿತು. "ಇದು ನಿಮ್ಮ ಮಗಳಲ್ವೇನ್ರೀ?"

ಅವನು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದ. "ಹೌದು ಸಾರ್. ಮನೇಲಿ ಇಲಿ ಕಾಟ ಸಾರ್."

"ಎಲ್ಲರೂ ಅದನ್ನೇ ಹೇಳ್ತಾರೆ. ನೀವು ಆ ಕಡೆ ತಲೆ ಹಾಕ್ಬೇಡಿ."

ಮಂಗಳವಾರ ಪುಡಿ ಕೊಂಡವರ ಮನೆಮನೆಯಿಂದ ಜಪ್ತಿ ಮಾಡಿದ ಪೊಟ್ಟಣಗಳಲ್ಲಿ ಒಂಬತ್ತು ತೂತಾಗಿದ್ದವು. ಒಂದು ಅವನ ಮಗಳ ಮನೆಯದು. ಪಂಚನಾಮೆಗೆ ಅಳಿಯ ಸಹಿ ಹಾಕಿದ.

ಬುಧವಾರ 11:30ಕ್ಕೆ ಮ್ಯಾನೇಜರ್‌ನ ಪಟ್ಟಿ ಪರೀಕ್ಷಿಸಲು ಕಾಲೇಜಿನಿಂದ ಸಂಖ್ಯಾಶಾಸ್ತ್ರದ ಮೇಷ್ಟ್ರನ್ನು ಕರೆಸಲಾಯಿತು.

"ಒಟ್ಟು ಕಾರ್ಡು ಎಷ್ಟಪ್ಪಾ?"

"ಆರುನೂರು," ಎಂದ ಮ್ಯಾನೇಜರ್.

"ಇಲಿಪಾಷಾಣ ಕೊಂಡೋರು?"

"ತೊಂಬತ್ತು."

"ಅಂದ್ರೆ ನೂರಕ್ಕೆ ಹದಿನೈದು. ಪುಡಿ ಕೊಂಡೋರು ಇನ್ನೂರು ಜನ, ಅವರಲ್ಲೂ ಸುಮ್ಮನೆ ಮೂವತ್ತು ಜನ ಪಾಷಾಣ ಕೊಂಡಿರ್ತಾರೆ. ನಿನಗೆ ಸಿಕ್ಕಿದ್ದು ಮೂವತ್ತೊಂದು. ಆ ಒಂದಕ್ಕೆ ಇಷ್ಟೊಂದು ಕುಣಿತವಾ? ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ." ಮೇಷ್ಟ್ರು ತೂತಿನ ಒಂಬತ್ತು ಪೊಟ್ಟಣಗಳ ಬಿಲ್ಲು ಹರಡಿದರು. "ಇಲ್ನೋಡಿ. ಬಾಗಿಲು ತೆಗೆದ ಮೊದಲ ಗಂಟೇಲಿ ಮಾರೋದು ದಿನದ ಪುಡೀಲಿ ಮೂರನೇ ಒಂದು ಪಾಲು. ಹಾಗಾದ್ರೆ ಒಂಬತ್ತರಲ್ಲಿ ಮೂರು ಆ ಗಂಟೇವು ಇರ್ಬೇಕಿತ್ತು. ಒಂಬತ್ತೂ ಅದೇ ಗಂಟೇವು. ಇದು ಸಂಬಂಧ."

ಬಾಗಿಲು ತೆಗೆಯುವ ಮುನ್ನ ಕಪಾಟು ತುಂಬುತ್ತಿದ್ದವಳು ಒಬ್ಬಳೇ ಹೆಂಗಸು. ಗುರುವಾರ ಅವಳ ವಿಚಾರಣೆ ನಡೆಯಿತು.

"ತೂತು ಯಾಕೆ ಮಾಡ್ದೆ?"

"ಸೋರೋ ಪೊಟ್ಟಣ ಕೆಲಸದೋರಿಗೆ ಕೊಡ್ತಾರೆ ಸಾರ್."

"ಇವು ಸೋರಲಿಲ್ವಲ್ಲ?"

"ದೊಡ್ಡದಾಗಿ ಚುಚ್ಚೋಕೆ ಭಯ ಆಯ್ತು."

ಭಯಕ್ಕೆ ಸಣ್ಣದಾದ ತೂತು ಯಾರ ಕಣ್ಣಿಗೂ ಬೀಳದೆ ಪೊಟ್ಟಣಗಳು ಮಾರಾಟವಾಗಿದ್ದವು. ತೇವ ಹೊಕ್ಕು ಪುಡಿ ಕೆಟ್ಟಿತ್ತು, ವಿಷವಿರಲಿಲ್ಲ ಎಂದಿತು ಪ್ರಯೋಗಾಲಯದ ವರದಿ. ಆಸ್ಪತ್ರೆಯ ಮಗು ಚೇತರಿಸಿಕೊಂಡಿತು. ಹೆಡ್ ಕಾನ್‌ಸ್ಟೇಬಲ್‌ನ ಮಗಳ ಹೆಸರನ್ನು ಕೈಬಿಡಲಾಯಿತು.

ಕಪಾಟು ತುಂಬುವವಳಿಗೆ ಐದು ತಿಂಗಳ ಕೂಸಿತ್ತು, ಎದೆಹಾಲು ಬತ್ತಿತ್ತು. ಸಂಜೆ 4:40ಕ್ಕೆ ಅವಳನ್ನು ಬಂಧಿಸಿ, ಕೂಸನ್ನು ಅತ್ತೆಯ ವಶಕ್ಕೆ ಒಪ್ಪಿಸಲಾಯಿತು.