ಓದದೆ ಬಿಟ್ಟ ಸಾಲು

"ಕಾಗದ ಬರೀತಿದ್ದವರು ನೀವೇನಾ?"

ಒಣಗಿಸಿಡಲು ಹುರುಳಿಕಾಯಿಯನ್ನು ದಾರಕ್ಕೆ ಪೋಣಿಸುತ್ತಿದ್ದ ಡೆಲ್ಫಿಯ ಸೂಜಿ ನಿಂತಿತು. ಮೆಟ್ಟಿಲ ಬಳಿ ನೀಲಿ ಕೋಟಿನ ಸಿಪಾಯಿಯೊಬ್ಬ ನಿಂತಿದ್ದ. ಕೋಟಿನ ಮೊಣಕೈ ಹರಿದಿತ್ತು, ಕೆನ್ನೆ ಒಳಗೆ ಹೋಗಿತ್ತು. ಅವನನ್ನು ಅವಳು ಎಂದೂ ಕಂಡಿರಲಿಲ್ಲ. ಆದರೂ ಯಾರೆಂದು ತಿಳಿಯಿತು.

ಏಸಾ... ಯುದ್ಧದಿಂದ ಬದುಕಿ ಬಂದಿದ್ದಾನೆ!

ಒಳಗಿನಿಂದ ಓಡಿಬಂದ ಓರ್ಲೀನಮ್ಮ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಸರ್ಕಾರ ನಿಂಗೆ ಊಟ ಹಾಕ್ತಿತ್ತೋ, ನೀನೇ ಸರ್ಕಾರಕ್ಕೆ ಹಾಕ್ತಿದ್ಯೋ?"

ಅವನು ನಕ್ಕ. ಡೆಲ್ಫಿಯ ಕಡೆ ಮಾತ್ರ ಮತ್ತೆ ನೋಡಲಿಲ್ಲ.

"ಶುಕ್ರವಾರ ಕಾನ್ಸಾಸ್ ಕಡೆ ಹೊಸ ಜಮೀನು ಹುಡುಕೋರ ಬಂಡಿಗಳು ಹೊರಡ್ತವಂತೆ ಅಮ್ಮ. ನಾನೂ ಹೋಗ್ತೀನಿ."

"ಈಗ ತಾನೇ ಬಂದ್ಯಲ್ಲೋ!"

"ಇಲ್ಲಿರೋಕೆ ಒಂದು ಕಾರಣ ಇತ್ತು. ಅದಕ್ಕೆ ಉತ್ತರ ಸಿಕ್ಕಾಯ್ತು."

ಡೆಲ್ಫಿಯ ಬೆರಳಿಗೆ ಸೂಜಿ ಚುಚ್ಚಿತು. ಅವಳಿಗೆ ಅದು ತಿಳಿಯಲೂ ಇಲ್ಲ.

ಟೆನೆಸಿಯ ಈ ಕಣಿವೆಯ ಶಾಲೆಗೆ ಪಾಠ ಹೇಳಲು ವರ್ಜೀನಿಯಾದಿಂದ ಬಂದವಳು ಅವಳು. ಅವಳು ಬಂದು ಸೇರುವಷ್ಟರಲ್ಲಿ ಉತ್ತರ ದಕ್ಷಿಣ ರಾಜ್ಯಗಳ ಯುದ್ಧ ಶುರುವಾಗಿ ಊರಿನ ಹುಡುಗರು ಹೊರಟುಹೋಗಿದ್ದರು, ಶಾಲೆ ಮುಚ್ಚಿತ್ತು. ಓದು ಬಲ್ಲವಳೆಂದು ಊರಿನ ಕಾಗದಗಳೆಲ್ಲ ಅವಳ ಕೈಗೆ ಬಂದವು. ಸಿಪಾಯಿಯ ಕಾಗದ ಇಲ್ಲಿ ಅವನ ತಾಯಿಯೊಬ್ಬಳದಲ್ಲ. ಊರಿನ ಹುಡುಗರೆಲ್ಲ ಉತ್ತರದ ಸೈನ್ಯದ ಒಂದೇ ದಳದಲ್ಲಿದ್ದರು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಓದಬೇಕು. ಓರ್ಲೀನಮ್ಮ ಹೇಳಿದ ಉತ್ತರಗಳನ್ನು ಬರೆಯುತ್ತಿದ್ದವಳೂ ಡೆಲ್ಫಿಯೇ.

ಹೋದ ವರ್ಷ ಮಾರ್ಚಿನ ಕಾಗದದ ನಡುವೆ ಆ ಸಾಲಿತ್ತು.

"ಅಮ್ಮ, ನಿನ್ನ ಕಾಗದ ಬರೆದುಕೊಡೋರನ್ನ ಕೇಳು, ಬದುಕಿ ಬಂದ್ರೆ ನನ್ನ ಮದುವೆ ಆಗ್ತಾರಾ ಅಂತ. ಎಲ್ರ ಮುಂದೇನೇ ಕೇಳು. ನಿನ್ನ ಉತ್ತರದಲ್ಲಿ ಆ ಮಾತು ಇಲ್ದಿದ್ರೆ ಇಲ್ಲ ಅಂತ ತಿಳ್ಕೋತೀನಿ."

ಚರ್ಚಿನ ಮೆಟ್ಟಿಲ ಮೇಲೆ ಓದುತ್ತಿದ್ದ ಡೆಲ್ಫಿ ತಲೆ ಎತ್ತಿದ್ದಳು. ಎದುರಿಗೇ ಮಹೇಲಾ ಕೂತಿದ್ದಳು. ದಕ್ಷಿಣದವರ ಗುಂಡಿಗೆ ಅವಳ ಮಗ ಸತ್ತ ಸುದ್ದಿ ಬಂದು ಒಂಬತ್ತು ದಿನವಾಗಿತ್ತು. ಡೆಲ್ಫಿಯ ಅಣ್ಣ ಇದ್ದದ್ದು ಆ ದಕ್ಷಿಣದ ಸೈನ್ಯದಲ್ಲೇ.

ನನ್ನ ಮದುವೆಯ ಮಾತನ್ನು ಇವಳ ಮುಂದೆ ಹೇಗೆ ಓದಲಿ?

ಅವಳು ಮುಂದಿನ ಸಾಲಿಗೆ ಹಾರಿದಳು. ತಾಯಿ ಆಡದ ಮಾತನ್ನು ತಾಯಿಯ ಉತ್ತರದಲ್ಲಿ ಸೇರಿಸಲು ಕೈ ಏಳಲಿಲ್ಲ. ತನ್ನ ಹೆಸರಿನಲ್ಲೇ ಮೂರು ಸಲ ಬರೆದಳು, ಮೂರು ಸಲವೂ ಒಲೆಗೆ ಹಾಕಿದಳು. ಏಸಾನಿಗೆ ಹೋದ ಉತ್ತರದಲ್ಲಿ ಹಸುವಿತ್ತು, ಜೋಳವಿತ್ತು, ಕಾಲುಚೀಲವಿತ್ತು...

ಈಗ ಹೇಳಿಬಿಟ್ಟರೆ? ಮಹೇಲಾಳ ಮಗನ ಕೊನೆಯ ಕಾಗದವನ್ನು ಸರಿಯಾಗಿ ಓದಿದೆನೆಂದು ಆಮೇಲೆ ಯಾರು ನಂಬುತ್ತಾರೆ? ಹೇಳದಿದ್ದರೆ... ಶುಕ್ರವಾರ.

ಏಸಾ ಚೀಲ ಹೆಗಲಿಗೇರಿಸಿದ. "ಬಂಡಿಯವರಿಗೆ ಹೇಳಿ ಬರ್ತೀನಿ."

"ಓರ್ಲೀನಮ್ಮ," ಡೆಲ್ಫಿ ಎದ್ದು ನಿಂತಳು. "ಮಾರ್ಚಿನ ಕಾಗದದಲ್ಲಿ ಒಂದು ಸಾಲು ನಾನು ಓದ್ಲಿಲ್ಲ."

ಆ ಸಾಲನ್ನು ಒಂದಕ್ಷರ ಬಿಡದೆ ಹೇಳಿದಳು. ಏಸಾ ಹೆಜ್ಜೆ ಎತ್ತಲಿಲ್ಲ.

ಓರ್ಲೀನಮ್ಮನ ದನಿ ತಣ್ಣಗಿತ್ತು. "ನನ್ನ ಮಗ ನನಗೆ ಹೇಳಿದ್ದನ್ನ ನುಂಗಿಬಿಟ್ಟೆ. ಇನ್ನೇನೇನು ನುಂಗಿದೀಯ?"

"ಏನೂ ಇಲ್ಲ. ಆದ್ರೆ ನಂಬಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಹೇಳ್ಬೇಡ. ಭಾನುವಾರ ಎಲ್ರೂ ಅವರವರ ಕಾಗದ ತರ್ಲಿ. ಮೊದಲಿಂದ ಓದು. ಇವನಿಗೆ ಅಕ್ಷರ ಬರುತ್ತೆ, ಪಕ್ಕದಲ್ಲಿ ನಿಂತು ನೋಡ್ಲಿ."

"ಅಮ್ಮ, ಶುಕ್ರವಾರ ಬಂಡಿ..."

"ಬಂಡಿ ಹೋಗ್ಲಿ. ನೀನ್ಯಾಕೆ ಹೋಗ್ತೀಯ?" ಹುರುಳಿಕಾಯಿಯ ಬುಟ್ಟಿ ಎತ್ತಿಕೊಂಡು ಅವಳು ಒಳಗೆ ಹೋದಳು.

ಏಸಾ ಕೆಳಗಿನ ಮೆಟ್ಟಿಲ ಮೇಲೆ ಕೂತ. "ನಿಮ್ಮ ಅಣ್ಣ ಆ ಕಡೆ ಇದ್ರಂತಲ್ಲ, ಬಂದ್ರಾ?"

"ಇನ್ನೂ ಬಂದಿಲ್ಲ. ಕಾಗದಾನೂ ಇಲ್ಲ."

"ನನ್ನ ಗುಂಡು ಯಾರ್ಯಾರಿಗೆ ತಾಗ್ತು ಅಂತ ನನಗೆ ಗೊತ್ತಿಲ್ಲ, ಡೆಲ್ಫಿ." ಅವನು ತನ್ನ ಅಂಗೈ ನೋಡಿಕೊಂಡ. "ಹಾಗಿದ್ದೂ ನನಗೆ ಉತ್ತರ ಕೊಡ್ತೀರಾ?"

"ಅದನ್ನೇ ಯೋಚಿಸ್ತಾ ಮೂರು ಸಲ ಬರೆದೆ. ಮೂರು ಸಲ ಸುಟ್ಟೆ."

"ಏನಂತ ಬರೆದಿದ್ರಿ?"

"ಮೂರು ಸಲಾನೂ ಒಂದೇ... ಆಗ್ತೀನಿ ಅಂತ."

ಅವನ ಚೀಲ ಹೆಗಲಿನಿಂದ ಇಳಿಯಿತು.

"ಭಾನುವಾರ ಅವರೆಲ್ರ ಮುಂದೆ ನನ್ನ ಕೈ ನಡುಗುತ್ತೆ, ಏಸಾ."

"ನಡುಗ್ಲಿ. ಕಾಗದ ನಾನು ಹಿಡ್ಕೋತೀನಿ."