ಎರಡನೆಯ ಮ್ಯಾಟು

ಸಮ್ಮೇದನ ಎದೆಯ ಮೇಲೆ ಗಾಡಿಯ ಹಿಂದಿನ ಎಡಗಾಲಿ ನಿಂತಿತ್ತು. ಪಕ್ಕೆಲುಬು ನೀಲಿ ಅಂಗಿಯನ್ನು ಹರಿದುಕೊಂಡು ಹೊರಗೆ ಬಂದಿತ್ತು. ಬಾಯಿಂದ ಸುರಿದ ರಕ್ತ ಎರೆಮಣ್ಣಿನ ಕೆಸರಿನಲ್ಲಿ ಹೆಪ್ಪುಗಟ್ಟಿತ್ತು. ಇಪ್ಪತ್ತೆಂಟು ವರ್ಷ ಖಾಕಿ ತೊಟ್ಟ ನಾನು ಪೆನ್ನು ತೆಗೆದು, ಕಂಡದ್ದನ್ನೆಲ್ಲ ಪಂಚನಾಮೆಗೆ ಬರೆಯತೊಡಗಿದೆ.

ಅದು ಬರಿಯ ಗಾಡಿಯಲ್ಲ, ಮನೆಗಾಡಿ. ಒಳಗೆ ಹಾಸಿಗೆ, ಒಲೆ, ನೀರಿನ ಟಾಕಿ ಎಲ್ಲ ಇದ್ದವು. ಕಾಗವಾಡದ ಸಮ್ಮೇದ ಅದನ್ನು ಸದಲಗಾದ ಹತ್ತಿರ, ದೂಧಗಂಗೆಯ ದಂಡೆಯ ಇಳಿಜಾರಿನಲ್ಲಿ ನಿಲ್ಲಿಸಿದ್ದ. ಮೂತಿ ಮೇಲಕ್ಕೆ, ಹಿಂಬದಿ ಹೊಳೆಯ ಕಡೆಗೆ. ಒಳಗೆ ಮಲಗಿದವರು ಉರುಳಬಾರದಲ್ಲ? ಅದಕ್ಕೆ ತಗ್ಗಿನ ಕಡೆಯ ಎರಡು ಗಾಲಿಗಳನ್ನು ಹಳದಿ ಪ್ಲಾಸ್ಟಿಕ್ ರ‍್ಯಾಂಪುಗಳ, ಅಂದರೆ ಓರೆ ಮಣೆಗಳ ಮೇಲೆ ಹತ್ತಿಸಿದ್ದರು. ಬಲಗಡೆಯ ರ‍್ಯಾಂಪು ಗಟ್ಟಿಯಾಗಿತ್ತು. ಎಡಗಡೆಯದು ಎರಡು ತುಂಡು.

ಒಂದು ತುಂಡನ್ನು ಸಮ್ಮೇದನ ಹೆಂಡತಿಯ ಅಣ್ಣ ಧರಣೇಂದ್ರ ಕೈಯಲ್ಲಿ ಹಿಡಿದು ಅಳುತ್ತಿದ್ದ.

"ಟಾಕಿ ನಳ ಬಿಗಿ ಮಾಡಾಕಂತ ಸಮ್ಮೇದ ಗಾಡಿ ಹಿಂದ ಕುಂತಿದ್ರಿ. ಈ ರ‍್ಯಾಂಪ್ ಫಟ್ ಅಂತ ಮುರೀತು. ಗಾಡಿ ಹಿಂದ ಉರುಳ್ತು. ಗಾಲಿ ಮುಂದಿನ ಕೆಸರಾಗಿಂದ ನಾನ ಕಿತ್ತು ತಗದೀನ್ರಿ ಇದನ್ನ. ಮಾರಿದಂವನ್ನ ಕರಸ್ರಿ!"

ಕರೆಸಿದವನು ನಾನೇ. ನಿಪ್ಪಾಣಿಯಲ್ಲಿ ಗಾಡಿ ಸಾಮಾನಿನ ಅಂಗಡಿಯಿಟ್ಟ ಖಲೀಲನಿಗೆ ಫೋನ್ ಮಾಡಿದೆ. ಪೊಲೀಸರ ಫೋನೆಂದು ಹೆದರಿ ಅವನ ತಾಯಿ ಹುಸೇನಬಿಯೂ ಬೈಕಿನ ಹಿಂದೆ ಕೂತು ಬಂದಳು.

ಖಲೀಲ ಬೈಕಿನಿಂದ ಇಳಿದನಷ್ಟೇ. ಧರಣೇಂದ್ರ ಆ ತುಂಡಿನಿಂದಲೇ ಹೊಡೆದ — ಒಂದು, ಎರಡು, ಮೂರು! ಮುಖಕ್ಕೆ ಅಡ್ಡ ಹಿಡಿದ ಬಲಗೈ ಮುರಿದ ಸದ್ದು ನನಗೂ ಕೇಳಿಸಿತು. ಖಲೀಲ ಬೈಕಿನ ಸಮೇತ ನೆಲಕ್ಕೆ ಬಿದ್ದ. ನಾಲ್ಕೇ ಹೆಜ್ಜೆ ದೂರದಲ್ಲಿದ್ದೆ. ಆದರೂ ತಡವಾಗಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಪಿಎಸ್ಐ ಉಜ್ವಲಾ ಮೇಡಂ ಧರಣೇಂದ್ರನ ಕೈಯಿಂದ ತುಂಡನ್ನು ಕಸಿದುಕೊಂಡರು. ಅದರ ಮುರಿದ ಅಂಚಿನ ಮೇಲೆ ಬೆರಳಾಡಿಸಿ, ಬೆರಳನ್ನು ನೋಡಿಕೊಂಡರು. ಆಮೇಲೆ ಖಲೀಲನ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಹಗುರ ಮಾಲ್ ಕೊಟ್ಟಿಯೇನಪಾ?"

"ಇಲ್ರಿ ಮೇಡಂ." ಮೂಗಿನಿಂದ ರಕ್ತ ಸೋರುತ್ತಿತ್ತು. "ಗಾಡಿ ತೂಕ ಕೇಳೇ ಕೊಟ್ಟೀನ್ರಿ. ಮೂರೂವರಿ ಟನ್ ಗಾಡಿ, ಐದ ಟನ್ ತಾಳೋ ರ‍್ಯಾಂಪ್. ಕಮ್ಮಿದು ಕೇಳಿದ್ರು, ನಾ ಕೊಡಲಿಲ್ಲ. ಎರಿ ಹೊಲ ಅಂದ್ರಂತ ಹಲ್ಲಿನ ಗ್ರಿಪ್ ಮ್ಯಾಟ್ ಜೋಡಿನೂ ಕೊಟ್ಟೆ. ರ‍್ಯಾಂಪಿನ ಬುಡಕ್ಕ ಹಾಸ್ರಿ, ಗಾಲಿ ಜಾರಂಗಿಲ್ಲ ಅಂದೆ."

"ನನ್ನ ಮಗನ್ನ ಜೇಲಿಗೆ ಹಾಕತೀರೇನ್ರಿ?" ಹುಸೇನಬಿ ಮೇಡಂ ಕಾಲು ಹಿಡಿಯಲು ಬಂದಳು. ಹಾಕುತ್ತೇವೆಂದೇ ನಾನು ತಿಳಿದಿದ್ದೆ.

ಮೇಡಂ ಮನೆಗಾಡಿಯ ಡ್ರೈವರ್, ಕಬ್ಬೂರಿನ ಲಖನನ ಕಡೆ ತಿರುಗಿದರು. "ನೀ ಎಲ್ಲಿದ್ದಿ?"

"ಹಾಲಿಗೆ ಡೇರಿಗೆ ಹೋಗಿದ್ನಿರಿ. ಚಾವಿ ಗಾಡ್ಯಾಗ ಇತ್ತು."

ಡೇರಿಯವನಿಗೆ ಫೋನ್ ಹಚ್ಚಿದೆ. ಲಖನನ ಮಾತು ಖರೆಯಿತ್ತು.

"ಮ್ಯಾಟ್ ಹಾಸಿದಂವ ಯಾರು?"

"ನಾನರಿ. ಎರಡೂ ಗಾಲಿ ಹಿಂದ, ರ‍್ಯಾಂಪಿನ ಬುಡದಾಗ ಹಂಗ ಬಿಟ್ಟಿದ್ನಿ. ಅಕ್ಕೋರೂ ಬರಬೇಕಿತ್ರಿ... ಕೈಗೆ ಪ್ಲಾಸ್ಟರ್ ಐತಿ, ಬರಲಿಲ್ಲ."

"ಸಮ್ಮೇದನ ಹೆಂಡತಿಗೆ? ಹೆಂಗಾತು?"

ಲಖನ ಧರಣೇಂದ್ರನನ್ನು ನೋಡಿದ.

"ಮುರಗೆಪ್ಪಣ್ಣ, ಪಂಚನಾಮೆದಾಗ ಎಷ್ಟ ಮ್ಯಾಟ್ ಬರದೀರಿ?" ಮೇಡಂ ನನ್ನನ್ನು ಕೇಳಿದರು.

"ಒಂದ್ರಿ."

"ಜೋಡಿ ಕೊಟ್ಟಾನಂತ. ಇನ್ನೊಂದು?"

ನನ್ನ ಮುಖ ಸಪ್ಪಗಾಯಿತು. ಬಲಗಾಲಿಯ ಹತ್ತಿರದ ಮ್ಯಾಟನ್ನು ಬರೆದು, ಕೆಲಸ ಮುಗಿಯಿತೆಂದು ಪೆನ್ನು ಜೇಬಿಗಿಟ್ಟಿದ್ದೆ. ಇಳಿಜಾರಲ್ಲವೇ, ಕೆಳಗೆ ಹೋಗಿರಬೇಕು ಎಂದು ಹೊಳೆಯ ತನಕ ಹುಡುಕಿದೆ. ಏನೂ ಸಿಗಲಿಲ್ಲ. ಮೇಡಂ ಮಾತ್ರ ಮೇಲಕ್ಕೆ ನಡೆದರು. ಮುಂದಿನ ಗಾಲಿಯನ್ನೂ ದಾಟಿ, ಪಕ್ಕದ ಕಬ್ಬಿನ ಸಾಲಿನೊಳಗೆ ಹೊಕ್ಕರು.

"ಇಲ್ಲಿ ಬರ್ರಿ!"

ಮ್ಯಾಟು ಕಬ್ಬಿನ ಬುಡಕ್ಕೆ ಒರಗಿ ಬಿದ್ದಿತ್ತು. ರಬ್ಬರು ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಅದರ ಹಲ್ಲುಗಳ ನಡುವೆ ರಕ್ತ, ಮಾಂಸದ ಚೂರು, ಒಂದಿಷ್ಟು ನೀಲಿ ಬಟ್ಟೆ.

"ಧರಣೇಂದ್ರ," ಮೇಡಂ ಮೆಲ್ಲಗೆ ಕೇಳಿದರು, "ಗಾಡಿ ತಾನಾಗೇ ಉರುಳ್ತು ಅಂದ್ಯಲ್ಲ?"

"ಹೌದ್ರಿ. ಎಂಜಿನ್ ಬಂದ್ ಇತ್ತು."

"ತಾನಾಗೇ ಉರುಳೋ ಗಾಲಿ ಮ್ಯಾಟ್ ತುಳದು ಮುಂದ ಹೋಗ್ತೈತಿ, ಒಗಿಯಂಗಿಲ್ಲ. ಎಂಜಿನ್ ಜೋರಿನ್ಯಾಗ ಗಾಲಿ ಗರಗರ ತಿರುಗಿದ್ರಷ್ಟ ಮ್ಯಾಟ್ ಹಾರ್ತೈತಿ. ಅದೂ ಗಾಡಿ ಹೋಗೋ ದಿಕ್ಕಿನ ಉಲ್ಟಾ. ಇದು ಏರಿನ ಕಡೆ ಹಾರೇತಿ. ಅಂದ್ರ ರಿವರ್ಸ್ ಗೇರ್. ಗಾಲಿ ಸಮ್ಮೇದನ ಮೈಗೆ ಸಿಕ್ಕು ನಿಂತ ಮ್ಯಾಲೂ ಯಾರೋ ಎಕ್ಸಿಲೇಟರ್ ತುಳದಾರ. ಇಲ್ಲಾಂದ್ರ ಇದಕ್ಕ ರಕ್ತ ಹೆಂಗ ಹತ್ತಿತು?"

"ರ‍್ಯಾಂಪ್... ರ‍್ಯಾಂಪ್ ಮುರಿದಿತ್ತಲ್ರಿ!"

"ಕೆಸರಾಗಿಂದ ಕಿತ್ತೆ ಅಂದಿ. ಈ ಮುರಿದ ಅಂಚಿನ್ಯಾಗ ಒಂದ ಕಾಳು ಮಣ್ಣಿಲ್ಲ. ಆಮ್ಯಾಲ ಒಣ ಜಾಗಾದಾಗ ಇಟ್ಟು ಒಡದಿ. ಲಖನ ಡೇರ್ಯಾಗ ಇದ್ದ. ಇಲ್ಲಿ ಇದ್ದಂವ ನೀ ಒಬ್ಬನ."

ಧರಣೇಂದ್ರ ಓಡಲಿಲ್ಲ. ಕೆಸರಿನಲ್ಲೇ ಕುಸಿದ.

"ನನ್ನ ತಂಗಿ ಕೈ ಮುರದಿದ್ದ ಅಂವ! ಎರಡ ಸಲ! ಮೆಟ್ಟಲದಿಂದ ಬಿದ್ದೆ ಅಂತ ಆಕಿ ಸುಳ್ಳ ಹೇಳತಿದ್ಲು. ನಾಳೆ ಆಕೀನ್ನ ಕರಕೊಂಡ ಬರ್ತೀನಿ, ಈ ಗಾಡ್ಯಾಗ ಕೂಡಿ ಹಾಕತೀನಿ ಅಂತ ಮುಂಜಾನೆ ನಕ್ಕೋತ ಅಂದ. ಅವನ ಎಲುಬು ಮುರಿಯೋ ತನಕ ತುಳದೆ... ಹೌದು, ತುಳದೆ!"

ಖರೆ ಹೇಳುತ್ತೇನೆ, ಒಂದು ಗಳಿಗೆ ನನಗೆ ಅವನ ಮೇಲೆ ಕನಿಕರ ಬಂತು.

ಮಾತಾಡಿದವಳು ಹುಸೇನಬಿ. ಮಗನ ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟುತ್ತಿದ್ದವಳು ತಲೆ ಎತ್ತಿದಳು.

"ನಿನ್ನ ತಂಗಿ ಕೈ ಅಂವ ಮುರದ, ನೀ ಅಂವನ್ನ ಕೊಂದಿ. ನನ್ನ ಮಗಾ ಏನ ಮಾಡಿದ್ನಪಾ?"

ಧರಣೇಂದ್ರ ಎರಡೂ ಕೈ ಮುಂದೆ ಚಾಚಿದ. ನಾನು ಅವನಿಗೆ ಬೇಡಿ ಹಾಕಿದೆ. ಆಮೇಲೆ ಖಲೀಲನ ಬೈಕು ಎತ್ತಿ ನಿಲ್ಲಿಸಿ, ತಾಯಿ ಮಗನನ್ನು ನಮ್ಮ ಜೀಪಿನಲ್ಲಿ ಕೂರಿಸಿ ಆಸ್ಪತ್ರೆಗೆ ಹೊರಟೆ. ದಾರಿಯುದ್ದಕ್ಕೂ ಹುಸೇನಬಿ ಮಗನ ಕೈಯನ್ನು ಮಡಿಲಲ್ಲಿ ಹಿಡಿದುಕೊಂಡಿದ್ದಳು. ಅವಳು ಕೇಳುವ ಮೊದಲೇ, ಫೋನ್ ಮಾಡಿ ಅವನನ್ನು ಕರೆಸಿದವನು ನಾನೆಂದು ನಾನೇ ಹೇಳಿದೆ.